ಅಂಗೈಯ ಕೆಂಪು ಬೊಟ್ಟು

ವೃಂದಾ ಫೈಬರ್ ಕೇಬಲ್ ಜೋಡಿಸುವುದನ್ನು ಕಲಿತಳು. ಕಲಿಸಿದ ಬಸವಲಿಂಗನನ್ನು ಕೆಲಸದಿಂದ ತೆಗೆದರು.

ರಾಯಚೂರಿನ ಆ ಇಂಟರ್‌ನೆಟ್ ಕಂಪನಿಯಲ್ಲಿ ಅವಳದು ಡೇಟಾಬೇಸ್ ಕೆಲಸ. "ಒಂದೇ ಕೆಲಸ ಹಿಡ್ಕೊಂಡು ಕೂತ್ರ ಹೆಂಗವಾ? ಹೊರಗಿನ ಲೈನಿಂದೂ ಕಲಿ," ಎಂದಿದ್ದರು ಮಾಲೀಕ ವಿರೂಪಣ್ಣ. ಅವಳಿಗೂ ಆಸೆಯಿತ್ತು. ಕಂಪ್ಯೂಟರ್ ಪರದೆಯ ಮೇಲೆ ಹಸಿರು ಚುಕ್ಕೆಗಳಾಗಿ ಮಿನುಗುವ ಮನೆಗಳಿಗೆ ಲೈನು ಹೇಗೆ ಹೋಗುತ್ತದೆಂದು ಕಣ್ಣಾರೆ ಕಾಣಬೇಕಿತ್ತು.

ಮೊದಲ ಪಾಠ ಮಟಮಾರಿ ರಸ್ತೆಯ ಕಂಬದ ಬುಡದಲ್ಲಿ. ಲೈನಿನ ಆ ತುದಿಯಲ್ಲಿ ನಿಂತು ಬಸವಲಿಂಗ ಫೋನು ಮಾಡಿದ.

"ಕೆಂಪು ಲೈಟ್ ಬಿಟ್ಟೀನ್ರಿ ಮೇಡಂ. ನೇರ ನೋಡಬ್ಯಾಡ್ರಿ ಮತ್ತ, ಕಣ್ಣು ಹೋಗ್ತಾವ. ಅಂಗೈ ಮ್ಯಾಲ ಬೀಳಿಸ್ಕೊಳ್ರಿ."

ಕೂದಲಿನಷ್ಟು ಸಣ್ಣ ಗಾಜಿನ ಎಳೆಯ ತುದಿಯಿಂದ ಅವಳ ಅಂಗೈಗೆ ಕೆಂಪು ಬೊಟ್ಟೊಂದು ಇಳಿಯಿತು.

"ಬಂತ್ರಿ. ಮದರಂಗಿ ಇಟ್ಟಂಗ ಅದ."

ಆ ಕಡೆ ಒಂದು ಕೆಮ್ಮು. "ಇಟ್ಟಿದ್ದು ನಾ ಅಲ್ರಿ, ಮಷೀನು."

"ನಾ ನಿಮ್ಮನ್ನ ಕೇಳಿದ್ನೇನು?"

ಆಮೇಲಿನ ಪಾಠಗಳಿಗೆ ಇಬ್ಬರೂ ಅಕ್ಕಪಕ್ಕ ಕೂರುತ್ತಿದ್ದರು. ಜೋಡಿಸುವ ಮಷೀನಿನ ಪುಟ್ಟ ಪರದೆಯಲ್ಲಿ ಎರಡು ಎಳೆಗಳು ಮೆಲ್ಲಗೆ ಹತ್ತಿರ ಬಂದು ಒಂದಾಗುತ್ತಿದ್ದವು. ಅವಳು ಅದನ್ನೇ ನೋಡುತ್ತಿದ್ದರೆ ಅವನು ಅವಳನ್ನು ನೋಡುತ್ತಿದ್ದ.

"ಪರದೆ ಈ ಕಡೆ ಅದರಿ, ಮಾಸ್ತರ."

"ಗೊತ್ತದರಿ," ಎನ್ನುತ್ತಿದ್ದ, ಕಣ್ಣು ಕೀಳದೆ.

ಕೆಲಸ ಹೋಗಿ ಈಗ ಅವನು ಮಾನ್ವಿಯಲ್ಲಿ. ಫೋನು ಎತ್ತುವುದಿಲ್ಲ. ಅವನ ಮಷೀನಿನ ಚೀಲ ಅವಳ ಕುರ್ಚಿಯ ಪಕ್ಕ ಬಿದ್ದಿದೆ. ಪರದೆಯ ತುಂಬ ಹಸಿರು ಚುಕ್ಕೆಗಳು. ಇಡೀ ಜಿಲ್ಲೆ ಯಾರ ಜೊತೆಗೋ ಮಾತಾಡುತ್ತಿದೆ. "ಬಂತೇನ್ರಿ ಮೇಡಂ?" ಎಂದು ಅವಳನ್ನು ಕೇಳುವವರಿಲ್ಲ. ಒಮ್ಮೊಮ್ಮೆ ಸುಮ್ಮನೆ ಅಂಗೈ ಬಿಚ್ಚಿ ನೋಡಿಕೊಳ್ಳುತ್ತಾಳೆ.

ಇವತ್ತು ದೇವದುರ್ಗದ ರಸ್ತೆಯಲ್ಲಿ ಜೆಸಿಬಿ ಲೈನು ಕಿತ್ತು ಹಾಕಿತು. ವಿರೂಪಣ್ಣ ಚೀಲ ಎತ್ತಿ ಅವಳ ಮೇಜಿನ ಮೇಲಿಟ್ಟರು. "ಗಾಡಿ ನಿಂತದ, ಹತ್ತು. ಎರಡೂ ಕೆಲಸಕ್ಕ ನೀ ಒಬ್ಬಾಕಿ ಸಾಕು."

ಅವಳು ಅವರೆದುರೇ ಬಸವಲಿಂಗನಿಗೆ ಫೋನು ಹಚ್ಚಿದಳು. ಈ ಸಲ ಎತ್ತಿದ.

"ದೇವದುರ್ಗದಾಗ ಲೈನ್ ಕಟ್ ಆಗ್ಯದ. ನನಗ ಹೋಗು ಅನ್ಲಿಕತ್ತಾರ."

"ಹೋಗ್ರಿ ಮೇಡಂ. ನಿಮ್ಮ ನೌಕರಿನರ ಉಳೀಲಿ. ನನ್ನ ಮರತುಬಿಡ್ರಿ."

"ಕಲಿಸೋವಾಗ 'ಮರೀಬ್ಯಾಡ್ರಿ' ಅಂತಿದ್ರಿ."

"ಅದು ಕೆಲಸದ ಮಾತ್ರಿ."

"ಕೆಲಸ ಬ್ಯಾರೆ, ನೀ ಬ್ಯಾರೆ ಅಂತ ಕಲೀಲಿಕ್ಕೆ ನನಗ ಆಗಲಿಲ್ಲ, ಬಸವಲಿಂಗ."

"ವೃಂದಾ..." ಎಂದ. 'ಮೇಡಂ' ಎನ್ನುವುದು ಬಿದ್ದುಹೋಗಿತ್ತು.

ಅವಳು ಫೋನು ಕಟ್ ಮಾಡದೆ ಮೇಜಿನ ಮೇಲಿಟ್ಟು, ಚೀಲವನ್ನು ವಿರೂಪಣ್ಣನವರ ಕಡೆ ತಳ್ಳಿದಳು.

"ಇದು ಅವರ ಕೆಲಸ. ಅವರನ್ನ ವಾಪಸ್ ಕರಸ್ರಿ."

"ನಿನಗ ಬರ್ತದಲ್ಲ!"

"ಬರ್ತದ್ರಿ. ಮಾಡಂಗಿಲ್ಲ."