ಕೀಲಿನೊಳಗಿನ ಕುಂಕುಮ

ಹೆಣ ಮೊದಲು ಕಂಡದ್ದು ಕುರಿ ಕಾಯುವ ಅಯ್ಯಣ್ಣನಿಗೆ. ವನದುರ್ಗದ ಕೋಟೆ ಗೋಡೆಯ ಬುಡದಲ್ಲಿ, ಬಂಡೆಗಳ ನಡುವೆ. ಮುಖ ಕೆಳಗೆ. ಪಕ್ಕದಲ್ಲೇ ಒಂದು ಕಪ್ಪು ಲ್ಯಾಪ್‌ಟಾಪ್ ಚೂರಾಗಿ ಬಿದ್ದಿತ್ತು.

ಸತ್ತವನು ಕಾಂತೇಶ. ಶಹಾಪುರದ ಒಂದು ಖಾಸಗಿ ಕಂಪನಿಗಾಗಿ ಹೊಲ ಹೊಲ ತಿರುಗಿ ಬೆಳೆ ಸಮೀಕ್ಷೆ ಮಾಡುತ್ತಿದ್ದ. ಹಿಂದಿನ ದಿನ ಅವನನ್ನು ಬೈಕಿನಲ್ಲಿ ಅಲ್ಲಿಗೆ ಬಿಟ್ಟು ಬಂದವನು ಜೊತೆಗಾರ ತಿಮ್ಮಣ್ಣ. ಪೊಲೀಸರಿಗೆ ಅಷ್ಟು ಸಾಕಾಯಿತು. ಉಳ್ಳವರ ಮನೆಯ ಹುಡುಗ ಬಿದ್ದಿದ್ದರೆ ಕಾಲು ಜಾರಿತು ಅನ್ನುತ್ತಿದ್ದರು. ಕೇರಿಯ ಹುಡುಗ ಬಿದ್ದರೆ ಕೇರಿಯವನೇ ತಳ್ಳಿರಬೇಕು. ಊಟದ ಹೊತ್ತಿಗೆ ತಿಮ್ಮಣ್ಣ ಠಾಣೆಯ ಒಳಕೋಣೆಯಲ್ಲಿದ್ದ.

ತಿಮ್ಮಣ್ಣನ ಅಕ್ಕ ಪಂಚಶೀಲಾ. ಯಾದಗಿರಿಯ ವಾರಪತ್ರಿಕೆಯೊಂದರ ವರದಿಗಾರ್ತಿ. ಠಾಣೆಯ ಮೆಟ್ಟಿಲು ಅವಳಿಗೆ ಹೊಸದಲ್ಲ. ಇವತ್ತು ಮಾತ್ರ ಒಂದೊಂದಾಗಿ ಹತ್ತಿದಳು. ಇಂಥ ಒಳಕೋಣೆಗಳಿಗೆ ಹೋದ ಹುಡುಗರು ಹೇಗೆ ಹೊರಗೆ ಬರುತ್ತಾರೆ ಅಂತ ಅವಳೇ ಬರೆದಿದ್ದಳು. ಒಬ್ಬ ಬಂದೇ ಇರಲಿಲ್ಲ.

"ಸಂಜೀಕ ಕೋರ್ಟಿಗಿ ಒಪ್ಪಸ್ತೀನಿ," ಎಂದಳು ಪಿಎಸ್‌ಐ ಗುರುದೇವಿ. "ಇಬ್ರೂ ಜಗಳಾಡ್ಯಾರ. ಆಫೀಸಿನವ್ರೆಲ್ಲಾ ನೋಡ್ಯಾರ."

"ಯಾತಕ್ಕ ಜಗಳ್ರಿ ಮೇಡಂ?"

"ಲ್ಯಾಪ್‌ಟಾಪ್ ಸಲುವಾಗಿ ಅಂತ. ಅದಕ್ಕೂ ಯಾರರ ಕೊಲ್ತಾರೇನು ಅಂತ ಕೇಳಬ್ಯಾಡ್ರಿ. ಚಪ್ಪಲಿ ಸಲುವಾಗಿ ಕೊಂದಿದ್ದೂ ನೋಡೀನಿ."

* * *

ತಿಮ್ಮಣ್ಣನ ತುಟಿ ಒಡೆದಿತ್ತು. ಪಂಚಶೀಲಾ ಅದನ್ನು ನೋಡದವಳಂತೆ ಕೂತಳು.

"ಜಗಳ ಯಾಕ ಆತು? ಲಗೂನ ಹೇಳು."

"ಕಂಪನಿ ಮೊದಲ ಒಂದು ಸ್ಯಾಂಪಲ್ ಲ್ಯಾಪ್‌ಟಾಪ್ ತರಿಸಿತ್ತಕ್ಕ. ತಡೀತದೋ ಇಲ್ಲೋ ನೋಡು ಅಂತ ಕಾಂತೇಶನ ಕೈಗಿ ಕೊಟ್ರು. ಮಗ ಅದರ ಮ್ಯಾಲ ಕುಂತ, ನೀರು ಹೊಯ್ದ, ಬೈಕ್ ಮ್ಯಾಲಿಂದ ಕೆಡವಿದ. ಏನೂ ಆಗಲಿಲ್ಲ. ಅದು ಅವನ ಹತ್ರನ ಉಳೀತು, ಆಮ್ಯಾಲ ನಮಗೆಲ್ಲಾ ಅಂಥಾವ ಬಂದ್ವು. ಅದ ಬಣ್ಣ, ಅದ ಹೆಸರು. ಆದ್ರ ಒಂದೊಂದಾಗಿ ಪರದಿ ಕೀಲು ಕಿತ್ತು ಕುಂತಾವ. ಮುರುದ್ರ ನಮ್ಮ ಪಗಾರದಾಗ ಹಿಡೀತಾರ."

"ಮತ್ತ?"

"ಕಾಂತೇಶ ಎರಡೂ ಬಾಜೂ ಬಾಜೂ ಇಟ್ಟು ನೋಡಿದ. ಇದು ಮೋಸ, ಒಳಗಿನ ಮಾಲ ಬ್ಯಾರೆ ಅಂದ. ಮ್ಯಾನೇಜರ್‌ಗ ಈಗ್ಲೇ ಹೇಳು ಅಂತ ನಾ. ತಡಿ, ಸುಮ್ನ ಬದಲಿ ಮಾಡಿಸೋಣು ಅಂತ ಅವ. ಅದಕ್ಕ ಜಗಳ. ನಿನ್ನೆ ಕೋಟಿ ಹತ್ರ ಬಿಡು, ಅವ್ರು ಬರ್ತಾರ ಅಂದ. ಯಾರು ಅಂತ ಹೇಳಲಿಲ್ಲ." ಅವನು ಬಾಗಿಲ ಕಡೆ ನೋಡಿದ. "ಅಕ್ಕಾ, ಇಲ್ಲಿಂದ ಕರಕೊಂಡು ಹೋಗು."

ಹೊರಗೆ ಬಂದಾಗ ಅವಳ ಫೋನು ರಿಂಗಾಯಿತು. ಗುರುತಿಲ್ಲದ ನಂಬರು. "ಯಾರ್ರಿ?" ಎಂದಳು. ಮೆತ್ತಗಿನ ದನಿ.

"ತಮ್ಮ ಒಳಗದಾನ. ನೀ ಹೊರಗದಿ. ಹಂಗ ಇರು ತಾಯಿ."

ಕಟ್ಟಾಯಿತು. ಪಂಚಶೀಲಾ ಆ ನಂಬರನ್ನೇ ನೋಡುತ್ತ ನಿಂತಳು. ತಮ್ಮನೇ ಕೊಂದಿದ್ದರೆ, ಹೊರಗಿನವನಿಗೆ ಹೆದರಿಸುವ ಉಸಾಬರಿ ಯಾಕೆ?

* * *

"ಆ ಒಡದ ಲ್ಯಾಪ್‌ಟಾಪ್ ಒಮ್ಮಿ ತೋರಸ್ರಿ ಮೇಡಂ."

"ಕಾಂತೇಶಂದ ಅದು. ಮಾಲು ಕೊಟ್ಟ ಅಂಗಡಿಯವ್ರು, ಸುರಪುರದ ವಿಶ್ವರಾಧ್ಯ ಅಂತ, ಬೆಳಿಗ್ಗಿನ್ಯಾಗ ಬಂದು ಗುರುತು ಹಿಡದು ಹೋಗ್ಯಾರ."

ಮೇಜಿನ ಮೇಲೆ ಚೂರುಗಳು. ಪಂಚಶೀಲಾ ಬಗ್ಗಿ ನೋಡಿದಳು. ಬೆರಳು ಹಚ್ಚಲಿಲ್ಲ.

"ಇದನ್ನ ಬೋರಲು ಹಾಕ್ರಿ. ನೀರು ಹೋಗೋ ತೂತು ಎಲ್ಲದಾವ?"

"ಯಾವ ತೂತು?"

"ಕಾಂತೇಶ ನಮ್ಮ ಮನ್ಯಾಗ ಕುಂತು ಕೀಗಳ ಮ್ಯಾಲ ಒಂದು ಗ್ಲಾಸ್ ನೀರು ಸುರುವಿದ್ದ. ಅವರವ್ವ ಲಾಲಮ್ಮ ಚೀರಿದಳು. ನೀರು ಕೆಳಗಿನ ತೂತಿಲೆ ಸೋರಿ ಹೋತು. ಮಷೀನ್ ಚಾಲೂನೇ ಇತ್ತು. ಅದು ಲೋಹದ್ದು. ಇದು ನೋಡ್ರಿ, ಕೀಲಿನ ಸ್ಕ್ರೂ ಪ್ಲಾಸ್ಟಿಕ್ಕಿನ್ಯಾಗ ಕುಂತಿತ್ತು. ಬುಡಸಮೇತ ಕಿತ್ಯದ."

ಗುರುದೇವಿ ಕುರ್ಚಿ ಹತ್ತಿರ ಎಳೆದುಕೊಂಡಳು.

"ಕೀಲಿನ ಸಂದ್ಯಾಗ, ಆ ತೆಳ್ಳಾನ ಹಾಳಿ ಚೂರಿನ ಮ್ಯಾಲ ಕೆಂಪಗ ಏನದ?" ಕೇಳಿದಳು ಪಂಚಶೀಲಾ.

"ಕುಂಕುಮ," ಎಂದಳು ಗುರುದೇವಿ. "ಅದರಾಗೇನು? ಆಯುಧ ಪೂಜಿಗಿ ಎಲ್ಲಾರೂ ಹಚ್ತಾರ."

"ಕಾಂತೇಶ ಹಚ್ಚಂಗಿಲ್ರಿ. ಬುದ್ಧನ ಫೋಟೋ ಇಟ್ಟ ಮನಿ ಅವರ್ದು. ಪೂಜಿ ದಿನ ತನ್ನ ಮಷೀನ್ ಬಗಲಾಗ ಹಿಡ್ಕೊಂಡು ಆಫೀಸ್ ಬಿಟ್ಟು ಬಂದಿದ್ದ. ಎಲ್ಲಾರೂ ನಕ್ಕಿದ್ರಂತ."

ಗುರುದೇವಿ ಚೂರುಗಳ ಕಡೆ ಮತ್ತೊಮ್ಮೆ ಬಗ್ಗಿದಳು. ಆಮೇಲೆ ಟೋಪಿ ಎತ್ತಿಕೊಂಡಳು.

"ಅಂದ್ರ ಪೂಜಿ ಆದ ಮಷೀನ್ ಆಫೀಸಿಂದ ಬಂದದ. ನಡೀರಿ."

* * *

ಮ್ಯಾನೇಜರ್ ಜಗದೇವಪ್ಪ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. ಒಂದು ಸಲವಲ್ಲ, ಮತ್ತೆ ಮತ್ತೆ.

"ನಾ ಯಾಕ ಕೋಟಿಗಿ ಹೋಗ್ಲೆವ್ವಾ? ನನಗ ಮೊಣಕಾಲು ನೋವು."

"ಎಲ್ಲಾ ಲ್ಯಾಪ್‌ಟಾಪ್ ತರಸ್ರಿ," ಎಂದಳು ಗುರುದೇವಿ.

ತಂದರು. ಮೈತುಂಬ ಗೀರು. ಕೀಗಳ ಸಂದಿಯಲ್ಲಿ ತೊಗರಿ ಹೊಲದ ಕರಿಮಣ್ಣು. ಕೀಲಿಗೆ ಟೇಪು, ಒಂದಕ್ಕೆ ಸೆಣಬಿನ ದಾರ. ಎಲ್ಲದರಲ್ಲೂ ಕುಂಕುಮ. ಜಗದೇವಪ್ಪನದೂ ಅವನ ಮೇಜಿನ ಮೇಲೇ ಇತ್ತು. ಒಂದೂ ಕಮ್ಮಿ ಇಲ್ಲ. ಇಲ್ಲದ್ದು ಕಾಂತೇಶನ ಸ್ಯಾಂಪಲ್ ಒಂದೇ.

ಗುರುದೇವಿಯ ಮುಖ ಬಿಗಿಯಿತು. "ನಿಮ್ಮ ಮಾತು ಕೇಳಿ ಹೊತ್ತು ಹೋತು. ಕೋರ್ಟಿನ ಟೈಮ್ ಆಗಾಕತ್ತದ."

ತಿಮ್ಮಣ್ಣನ ಒಡೆದ ತುಟಿ ಪಂಚಶೀಲಾಳ ಕಣ್ಣ ಮುಂದೆ ಬಂತು. ಟೇಪು ಸುತ್ತಿದ ಲ್ಯಾಪ್‌ಟಾಪನ್ನು ಮತ್ತೆ ನೋಡಿದಳು. ಮಣ್ಣು. ಗೀರು.

"ಮೇಡಂ, ಒಡದದ್ದರಾಗ ಮಣ್ಣೇ ಇರಲಿಲ್ಲ. ಕುಂಕುಮ ಮೈಗೆ ಅಂಟಿಲ್ಲ. ಹೊಸಾ ಸಾಮಾನಿನ ಮ್ಯಾಲ ತೆಳ್ಳಾನ ಪ್ಲಾಸ್ಟಿಕ್ ಹಾಳಿ ಬರ್ತದಲ್ಲ, ಅದರ ತುಂಡು ಕೀಲಿನ್ಯಾಗ ಸಿಕ್ಕೊಂಡದ. ಕುಂಕುಮ ಅದರ ಮ್ಯಾಲದ. ಮಾರಾಟ ಆಗದ ಮಷೀನಿಗಿ ಪೂಜಿ ಮಾಡ್ಯಾರ."

"ಮಾರದ ಮಾಲಿಗಿ ಪೂಜಿ ಮಾಡಾವ್ರು..." ಗುರುದೇವಿ ಮಾತು ಮುಗಿಸಲಿಲ್ಲ.

"ಅಂಗಡಿಯವ್ರು," ಎಂದ ಜಗದೇವಪ್ಪ, ಕರವಸ್ತ್ರ ಕೆಳಗಿಟ್ಟು.

* * *

ಸುರಪುರದ ಬಜಾರು. ಜೀಪು ದೂರ ನಿಂತಿತು. "ನನ್ನ ಖಾಕಿ ನೋಡಿದ್ರ ಬಾಯಿ ಬಿಡಂಗಿಲ್ಲ," ಎಂದಳು ಗುರುದೇವಿ. "ಫೋನ್ ಚಾಲೂ ಇಟ್ಕೊಂಡು ಹೋಗ್ರಿ. ನಾ ಕೇಳಾಕತ್ತಿರ್ತೀನಿ."

ಉದ್ದನೆಯ ಕತ್ತಲ ಅಂಗಡಿ. ಕಪಾಟಿನಲ್ಲಿ ಸಾಲಾಗಿ ಕಪ್ಪು ಲ್ಯಾಪ್‌ಟಾಪ್‌ಗಳು. ಒಂದೊಂದರ ಪ್ಲಾಸ್ಟಿಕ್ ಹಾಳೆಯ ಮೇಲೂ ಕುಂಕುಮದ ಬೊಟ್ಟು. ಸಾಲಿನ ನಡುವೆ ಒಂದು ಜಾಗ ಖಾಲಿ.

"ಬರ್ರಿ, ಬರ್ರಿ," ಎಂದ ವಿಶ್ವರಾಧ್ಯ. ಮೆತ್ತಗಿನ ದನಿ.

ಫೋನಿನಲ್ಲಿ ಕೇಳಿದ ಅದೇ ದನಿ. ಪಂಚಶೀಲಾ ಕೌಂಟರಿನ ಹತ್ತಿರ ಹೋದಳು.

"ನಮ್ಮ ಆಫೀಸಿಗಿ ಬೇಕಾಗಿತ್ರಿ. ಬಿದ್ರೂ ಒಡೀಬಾರದು."

"ಹಂಗಾರ ಲೋಹದ ಮೈದ ತಗೋರಿ. ಪ್ಲಾಸ್ಟಿಕ್ಕಿನಾವ ಚೆಂದ ಕಾಣ್ತಾವ, ತಡ್ಯಂಗಿಲ್ಲ. ಲೋಹದ್ದು ಅಂದ್ರ ಸುತ್ತಿಗಿಲೆ ಬಡದ್ರೂ ಬರೇ ತಗ್ಗು ಬೀಳ್ತದ. ಒಡ್ಯಂಗಿಲ್ಲ ಸೂಳಿಮಗಂದು."

ವ್ಯಾಪಾರಿಯ ಮಾತಿನಲ್ಲಿ ಬೈಗುಳ ಬರುವುದಿಲ್ಲ. ಅದು ಕೈ ಸೋತವನ ಸಿಟ್ಟು.

"ಬಡದು ನೋಡೀರೇನು?"

ವಿಶ್ವರಾಧ್ಯನ ನಗು ನಿಂತಿತು. ಅವಳನ್ನು ದಿಟ್ಟಿಸಿದ.

"ನಿಮ್ಮ ದನಿ ಎಲ್ಲೋ ಕೇಳೀನಲ್ಲ ತಾಯಿ."

ಅವಳನ್ನು ದಾಟಿ ಬಾಗಿಲಿಗೆ ಹೋದ. ಶಟರ್ ಕೆಳಗೆ ಬಂತು. ಅರ್ಧ. ಆಮೇಲೆ ಪೂರ್ತಿ.

ಕತ್ತಲು. ಅವಳಿಗೆ ಕೂಗಬೇಕೆನಿಸಿತು. ಬದಲು ಫೋನನ್ನು ಅವನ ಕಡೆ ಹಿಡಿದಳು. ಅವನ ಹೆಜ್ಜೆ ಕೌಂಟರ್ ಸುತ್ತಿ ಬರುವುದು ಕೇಳಿಸಿತು. ಕಬ್ಬಿಣ ಕಲ್ಲಿಗೆ ತಾಗಿದ ಸದ್ದು. ಸುತ್ತಿಗೆ ಎತ್ತಿಕೊಂಡಿದ್ದ.

"ಅವಗೂ ಹೇಳಿದ್ದೆ, ಸುಮ್ನಿರು ಅಂತ."

ಶಟರ್ ಮೇಲೆ ಬೂಟಿನ ಒದೆ ಬಿತ್ತು.

* * *

ಕಾಂತೇಶನ ಸ್ಯಾಂಪಲ್ ಸಿಕ್ಕಿದ್ದು ಅಂಗಡಿಯ ಒಳಕೋಣೆಯ ಗೋಣಿಚೀಲದ ಕೆಳಗೆ. ಮೈತುಂಬ ಸುತ್ತಿಗೆಯ ತಗ್ಗು. ಗುರುದೇವಿ ಗುಂಡಿ ಒತ್ತಿದಳು. ಪರದೆ ಬೆಳಗಿತು.

"ಇದೊಂದ ಸಾಕ್ಷಿ ಇತ್ತು," ಎಂದಳು ಪಂಚಶೀಲಾ. "ಲೋಹದ್ದು ತೋರಿಸಿ ಪ್ಲಾಸ್ಟಿಕ್ಕಿನಾವ ತುಂಬ್ಯಾನ. ಎರಡೂ ಬಾಜೂಕ ಇಟ್ರ ಕುರುಡರಿಗೂ ತಿಳೀತಿತ್ತು. ಬದಲಿ ಮಾಡಿ ಕೊಡು, ಯಾರಿಗೂ ಹೇಳಂಗಿಲ್ಲ ಅಂತ ಕಾಂತೇಶ ಇವನ್ನ ನಂಬಿ ಕರದ. ಇವ ಗೋಡಿ ಮ್ಯಾಲಿಂದ ತಳ್ಳಿ, ಸ್ಯಾಂಪಲ್ ಕಸಗೊಂಡು, ಅಂಗಡ್ಯಾಗಿಂದ ತಂದದ್ದು ಒಗದ. ಹಾಳಿ ಗಡಬಡಿಲೆ ಕಿತ್ತ. ಚೂರು ಉಳೀತು. ಎಲ್ಲಾರೂ ಕುಂಕುಮ ಹಚ್ಚೇ ಹಚ್ತಾರ ಅಂದ್ಕೊಂಡಿದ್ದ. ಹಚ್ಚದ ಮನೀನೂ ಇರ್ತಾವ ಅನ್ನೋದು ಅವನ ತಲ್ಯಾಗ ಬರಲೇ ಇಲ್ಲ."

ವಿಶ್ವರಾಧ್ಯ ಬೇಡಿ ಹಾಕಿದ ಕೈ ನೋಡುತ್ತ ಕೂತಿದ್ದ.

ಠಾಣೆಗೆ ಕಾಂತೇಶನ ತಾಯಿ ಲಾಲಮ್ಮ ಬಂದಿದ್ದಳು. ತಗ್ಗು ಬಿದ್ದ ಲ್ಯಾಪ್‌ಟಾಪನ್ನು ಕೈಯಿಂದ ಸವರಿದಳು.

"ಎಷ್ಟು ಮ್ಯಾಲಿಂದ ಬಿದ್ರ ಉಳೀತದ ಅಂತ ಇದನ್ನ ಪರೀಕ್ಷಾ ಮಾಡಾಕ ನನ್ನ ಮಗನ್ನ ಇಟ್ಟಿದ್ರು," ಎಂದಳು. "ಇದು ಉಳೀತು."

ತಿಮ್ಮಣ್ಣನನ್ನು ಬಿಟ್ಟರು. "ಹೋಗಪ್ಪ," ಎಂದ ಕಾನ್‌ಸ್ಟೇಬಲ್ ಯೂನುಸ, ಅವನ ಚಪ್ಪಲಿ ಮುಂದಿಟ್ಟು. ತಿಮ್ಮಣ್ಣ ಹೊಸ್ತಿಲ ತನಕ ಬಂದ. ಅಲ್ಲೇ ನಿಂತ. ಪಂಚಶೀಲಾಳ ತೋಳನ್ನು ಎರಡೂ ಕೈಯಲ್ಲಿ ಹಿಡಿದ.

"ಅಕ್ಕಾ, ಮೊದಲ ನೀ ಹೊರಗ ನೋಡು. ಯಾರರ ನಿಂತಾರೇನು?"

ಅವಳು ನೋಡಿದಳು. ಸಂಜೆಯ ಬಿಸಿಲು, ಚಹಾ ಗಾಡಿ, ಅವನದೇ ಬೈಕು.

"ಯಾರೂ ಇಲ್ಲ," ಎಂದಳು. ಮತ್ತೊಮ್ಮೆ ನೋಡಿದಳು. ಆಮೇಲೆ ಅವನ ಕೈ ಹಿಡಿದು ಮೆಟ್ಟಿಲಿಳಿದಳು.