ಗೋಡೆಯಿಂದ ಇಳಿದ ನಕ್ಷೆ

ದೇವರ ಗೂಡಿನಲ್ಲಿಟ್ಟಿದ್ದ ಮೂರು ಯುರೋಪ್ ರೈಲ್ ಪಾಸ್‌ಗಳು ಶುಕ್ರವಾರ ಸಂಜೆ ಮಾಯವಾಗಿದ್ದವು. ಜಯರಾಮುವಿಗೊಂದು, ಹೆಂಡತಿ ಇಂದ್ರಾಣಿಗೊಂದು, ತಾಯಿ ನಿಂಗಮ್ಮನವರಿಗೊಂದು. ಸೋಮವಾರ ಫ್ರಾಂಕ್‌ಫರ್ಟಿಗೆ ಫ್ಲೈಟ್.

ಶನಿವಾರ ಬೆಳಿಗ್ಗೆ ಕಾಶಿಬಾಯಿ ಅಮೆರಿಕದ ವುಡ್‌ಬ್ರಿಡ್ಜ್‌ನ ಆ ಮನೆಗೆ ಬಂದಾಗ, ಮಗು ನೋಡಿಕೊಳ್ಳುವ ಜವರಮ್ಮನ ಚೀಲವನ್ನು ಕಾರ್ಪೆಟ್ ಮೇಲೆ ಸುರಿದಿದ್ದರು. ಸೀರೆ, ಲಂಗ, ಹಣಿಗೆ. ಪಾಸ್ ಇರಲಿಲ್ಲ. ಆದರೂ ಜಯರಾಮು ತೀರ್ಪು ಕೊಟ್ಟಾಗಿತ್ತು.

"ಗೂಡು ಒರೆಸೋಳು ಇವಳೊಬ್ಬಳೇ. ನಮ್ಮ ಟ್ರಿಪ್ ಅಂತೂ ಮುಗೀತು. ಸೋಮವಾರ ಇವಳನ್ನೇ ಊರಿಗೆ ಹತ್ತಿಸಿಬಿಡ್ತೀನಿ."

"ನಾನು ಮುಟ್ಟಿಲ್ಲ ಕಣಕ್ಕ," ಎಂದಳು ಜವರಮ್ಮ. "ಕಳ್ಳಿ ಅನ್ನಿಸ್ಕೊಂಡು ಯಾವ ಮುಖ ಹೊತ್ಕೊಂಡು ಹೋಗ್ಲಿ?"

ಕಾಶಿಬಾಯಿಗೆ ಮೈ ಉರಿಯಿತು. ಆಕೆ ಬಾಸ್ಕಿಂಗ್ ರಿಡ್ಜ್‌ನಲ್ಲಿ ಪ್ರೋಗ್ರಾಮರ್. ಯುರೋಪಿಗೆಲ್ಲ ಒಂದೇ ವೀಸಾ ಇನ್ನೂ ಬಂದಿರದ ಆ ಕಾಲದಲ್ಲಿ, ದೇಶಕ್ಕೊಂದು ವೀಸಾ ಮಾಡಿಸಿ, ಇಂಡಿಯನ್ ಪಾಸ್‌ಪೋರ್ಟ್ ಹಿಡಿದು ಎರಡು ಬೇಸಿಗೆ ಅಲ್ಲಿನ ರೈಲು ಸುತ್ತಿದ್ದಳು. ಡೂಪ್ಲಿಕೇಟ್ ಪಾಸ್ ಸಿಗುತ್ತದೆಯೇ ಎಂದು ಕೇಳಲು ಇಂದ್ರಾಣಿಯೇ ಕರೆಸಿದ್ದಳು.

"ಬ್ಯಾರೆ ಯಾರರ ಬಂದಿದ್ರೇನು?"

"ಗುರುವಾರ ಏಸಿ ರಿಪೇರಿಗೆ ಟೋನಿ ಬಂದಿದ್ದ," ಎಂದಳು ಇಂದ್ರಾಣಿ.

"ಅವನು ಬೇಸ್‌ಮೆಂಟ್ ಬಿಟ್ಟು ಮೇಲಕ್ಕೇ ಬರ್ಲಿಲ್ಲ," ಎಂದಳು ಜವರಮ್ಮ.

ತಪ್ಪನ್ನು ಇನ್ನೊಬ್ಬನ ತಲೆಗೆ ಕಟ್ಟುವ ಅವಕಾಶ ಕೈಗೇ ಬಂದಿತ್ತು. ಜವರಮ್ಮ ಅದನ್ನು ಬಿಟ್ಟುಕೊಟ್ಟಳು. ಕಾಶಿಬಾಯಿ ಅದನ್ನು ಗಮನಿಸಿದಳು.

* * *

ದೇವರ ಗೂಡಿನಲ್ಲಿ ಚಿನ್ನದ ಸರ ಇತ್ತು. ಪಾಸ್‌ಪೋರ್ಟ್‌ಗಳೂ ಇದ್ದವು. ಕಾಶಿಬಾಯಿ ಅವುಗಳನ್ನು ತಿರುವಿ ನೋಡಿದಳು. ಗಂಡ, ಹೆಂಡತಿ, ಮಗುವಿನದು ಅಮೆರಿಕದವು. ನಿಂಗಮ್ಮನವರದು ಮಾತ್ರ ಇಂಡಿಯಾದ್ದು.

ಊಟದ ಮೇಜಿನ ಹಿಂದಿನ ಗೋಡೆಯಲ್ಲಿ ಟೇಪ್ ಕಿತ್ತ ಗುರುತುಗಳಿದ್ದವು.

"ಇಲ್ಲೊಂದು ನಕ್ಷೆ ಇತ್ತಲ್ಲ? ಊಟಕ್ಕ ಬಂದೋರಿಗೆಲ್ಲ ನಿಮ್ಮೆಜಮಾನ್ರು ಪಾಠ ಮಾಡ್ತಿದ್ರು. ಮ್ಯೂನಿಕ್‌ನಾಗ ರಾತ್ರಿ ರೈಲು ಹತ್ತೂದು, ಬೆಳಗಾಗೂದ್ರಾಗ ವೆನಿಸ್ ಅಂತ."

"ಗುರುವಾರ ಅವರೇ ತೆಗೆದ್ರು. ರೂಟ್ ಕರೆಕ್ಟ್ ಮಾಡ್ಬೇಕು ಅಂತ ಬ್ರೀಫ್‌ಕೇಸಿಗೆ ಹಾಕ್ಕೊಂಡ್ರು."

* * *

"ಜಯರಾಮು ಅವರ, ನಿಮ್ಮ ಬ್ರೀಫ್‌ಕೇಸ್ ತೆಗೀರಿ."

"ವಾಟ್? ಅದು ನನ್ನ ಪ್ರೈವೇಟ್ ಬ್ಯಾಗ್!"

"ಇದು ಯಾರದು?" ಕಾಶಿಬಾಯಿ ಕಾರ್ಪೆಟ್ ತೋರಿಸಿದಳು.

"ತೆಗಿಯೋ," ಎಂದರು ನಿಂಗಮ್ಮ.

ಮಡಚಿದ ನಕ್ಷೆ ಸಿಕ್ಕಿತು. ಅದರೊಳಗೆ ಮೂರು ಪಾಸ್‌ಗಳು.

"ಹೆಸರು ಹಾಕಿದ ಪಾಸು ಕಳ್ಳಗ ಯಾಕ ಬೇಕು? ಚಿನ್ನ ಬಿಟ್ಟು ಅದನ್ನ ಒಯ್ತಾನೇನು? ಪಾಸ್ ಹೋಗೂಕಿಂತ ಮೊದಲ ನಕ್ಷೆ ಇಳೀತು," ಎಂದಳು ಕಾಶಿಬಾಯಿ. "ಮ್ಯೂನಿಕ್, ವೆನಿಸ್ ನಡುವ ಆಸ್ಟ್ರಿಯಾ ಐತಿ. ನಿಮ್ಮ ಪಾಸ್‌ಪೋರ್ಟಿಗೆ ಯಾರೂ ಕೇಳಂಗಿಲ್ಲ. ಅಮ್ಮನ ಪಾಸ್‌ಪೋರ್ಟಿನಾಗ ಜರ್ಮನಿ, ಇಟಲಿ, ಫ್ರಾನ್ಸ್ ವೀಸಾ ಅವ. ಆಸ್ಟ್ರಿಯಾದ್ದಿಲ್ಲ. ನಡುರಾತ್ರಿ ಬಾರ್ಡರ್‌ನಾಗ ಅವರನ್ನ ಇಳಿಸ್ತಿದ್ರು."

ಜಯರಾಮು ಕುರ್ಚಿ ಎಳೆದು ಕೂತ. "ಹೋದ ಭಾನುವಾರ ಫ್ಲಶಿಂಗ್ ದೇವಸ್ಥಾನದ ಕ್ಯಾಂಟೀನಲ್ಲಿ ಯಾರೋ, ಅಮ್ಮನಿಗೆ ಆಸ್ಟ್ರಿಯಾ ವೀಸಾ ಆಯ್ತಾ ಅಂತ ಕೇಳಿದ್ರು. ಆಗ ಹೊಳೀತು. ಕಾನ್ಸುಲೇಟಿಗೆ ಫೋನ್ ಮಾಡಿದ್ರೆ ಎರಡು ವಾರ ಬೇಕು ಅಂದ್ರು. ಎಲ್ಲರಿಗೂ ರೂಟ್ ತೋರಿಸಿದ್ದೆ... ನಂದೇ ತಪ್ಪು ಅಂತ ಹೇಗೆ ಹೇಳ್ಲಿ?"

"ಅದಕ್ಕ ಈಕಿನ್ನ ಕಳ್ಳಿ ಮಾಡಿದ್ರಿ! ಜರ್ಮನಿಯಿಂದ ಮೊದಲ ಪ್ಯಾರಿಸ್, ಆಮ್ಯಾಲೆ ಇಟಲಿ. ಆಸ್ಟ್ರಿಯಾ ಮುಟ್ಟೂದೇ ಬ್ಯಾಡಾಗಿತ್ತು. ಬಾಯಿ ಬಿಟ್ಟು ಕೇಳಿದ್ರ ಹಾದಿ ಇತ್ತು."

ನಿಂಗಮ್ಮ ಎದ್ದು ಮಗನ ಮುಂದೆ ನಿಂತರು. "ನಿನ್ನ ಪಾಸ್‌ಪೋರ್ಟ್ ಪುಸ್ತಕ ನಡೆಯಲ್ಲ ಕಣಮ್ಮ ಅಂದಿದ್ರೆ ನಾನು ಮನೇಲೇ ಇರ್ತಿದ್ದೆ. ಸಿಟಿಜನ್ ಆಗಿಬಿಟ್ಟೆ ಅಂತ ತಾಯಿ ಎಲ್ಲಿಯೋಳು ಅನ್ನೋದೂ ಮರ್ತೋಯ್ತೇನೋ? ಎತ್ತು. ಅವಳ ಒಂದೊಂದು ಬಟ್ಟೇನೂ ಮಡಚಿ ಚೀಲಕ್ಕಿಡು."

ಜಯರಾಮು ಬಗ್ಗಿ ಒಂದು ಸೀರೆಗೆ ಕೈ ಹಾಕಿದ. ಜವರಮ್ಮ ಅದನ್ನು ಎಳೆದುಕೊಂಡಳು.

"ಬೇಡಿ ಸಾರ್. ಒಂದ್ಸಲ ಮುಟ್ಟಿದ್ದು ಸಾಕು."

ಎಲ್ಲವನ್ನೂ ತಾನೇ ಮಡಚಿದಳು. ನಿಂಗಮ್ಮನವರ ಕಾಲು ಮುಟ್ಟಿ, ಮಗುವಿನ ತಲೆ ಸವರಿ, ಎದ್ದಳು. ಕಾಶಿಬಾಯಿ ಚೀಲದ ಇನ್ನೊಂದು ಹಿಡಿ ಹಿಡಿದಳು. ಇಬ್ಬರೂ ಕಾರಿನ ಕಡೆಗೆ ನಡೆದರು.