ಗಾಳಿಚೀಲದ ಕೇಸು

ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ಸ್ಟೇಷನ್ ಬಾಗಿಲಿಗೆ ಒಬ್ಬ ಮನುಷ್ಯ ಬಂದು ನಿಂತ. ನಿಂತ ಅನ್ನೋದಕ್ಕಿಂತ ಬಿದ್ದ ಅನ್ನಬೇಕು. ಟೈ ಬೆನ್ನ ಮೇಲಿತ್ತು. ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಮನೆ ಚಪ್ಪಲಿ. ಇನ್ಸ್‌ಪೆಕ್ಟರು ಆಗಷ್ಟೇ ಟೀ ಲೋಟ ತುಟಿಗಿಟ್ಟಿದ್ದರು. ಅವರದು ಭಾರಿ ದೇಹ. ಕುರ್ಚಿಯಿಂದ ಎದ್ದರೆ ಕುರ್ಚಿನೂ ಜೊತೆಗೇ ಏಳುತ್ತೆ ಅಂತ ಸ್ಟೇಷನ್ನಿನಲ್ಲಿ ಮಾತು.

"ಕಳುವಾಗಿದೆ ಸಾರ್! ಗಾಳಿಚೀಲ!"

"ಕೂತ್ಕೊಳ್ಳಿ. ಗಾಳಿ ಹೋಯ್ತೋ, ಚೀಲ ಹೋಯ್ತೋ?"

ಬಂದವನು ಹಳೇ ವಿಮಾನ ನಿಲ್ದಾಣದ ಮ್ಯಾನೇಜರು. ದೇಶದಲ್ಲಿ ಟಿಕೆಟ್ ಕೊಟ್ಟು ಜನ ಹತ್ತಿದ ಮೊದಮೊದಲ ನಿಲ್ದಾಣ ಅದು. ಈಗ ವಿಮಾನ ಬರಲ್ಲ, ಮ್ಯೂಸಿಯಂ ಮಾಡಿದ್ದಾರೆ. ಇವತ್ತು ಸಾಯಂಕಾಲ ನಾಲ್ಕಕ್ಕೆ ಮಂತ್ರಿಗಳು ಬಂದು ಉದ್ಘಾಟನೆ ಮಾಡಬೇಕು. ಅವರು ಪರದೆ ಎಳೆಯಬೇಕಿದ್ದ ಗಾಜಿನ ಪೆಟ್ಟಿಗೆಯಲ್ಲೇ ಇತ್ತು ಆ ಗಾಳಿಚೀಲ. ಕಂಬದ ತುದಿಗೆ ಕಟ್ಟಿ, ಗಾಳಿ ಎತ್ತ ಬೀಸ್ತಿದೆ ಅಂತ ಪೈಲಟ್ಟಿಗೆ ತೋರಿಸುವ ಬಟ್ಟೆ ಚೀಲ. ಮೊದಲ ಪ್ರಯಾಣಿಕರ ವಿಮಾನ ಅದನ್ನ ನೋಡಿಕೊಂಡೇ ಇಳಿದದ್ದಂತೆ.

"ಫಾರಿನ್ ಮಾಲು ಸಾರ್. ನಾಲ್ಕರೊಳಗೆ ಸಿಗದಿದ್ರೆ ನನ್ನ ಕೆಲಸ ಹೋಯ್ತು."

ರೈಟರು ಎಫ್‌ಐಆರ್ ಬರೆದರು. ಒಂಬತ್ತೂ ಕಾಲಿಗೆ ಇನ್ಸ್‌ಪೆಕ್ಟರು, ಒಬ್ಬ ಮಹಿಳಾ ಪೇದೆ, ಜೀಪು, ಮೂರೂ ಹೊರಟವು. ಇನ್ಸ್‌ಪೆಕ್ಟರು ಕೂತ ಕಡೆ ಜೀಪು ವಾಲಿಕೊಂಡೇ ಹೋಯಿತು.

ನಿಲ್ದಾಣ ಅಂದರೆ ಒಂದು ಉದ್ದನೆ ಹಾಲ್, ಪಕ್ಕದಲ್ಲೊಂದು ಕ್ಯಾಂಟೀನು, ಹಿಂದೆ ಬಯಲು, ಬಯಲಲ್ಲೊಂದು ಬೋಳು ಕಂಬ. ಹಾಲಿನ ಮೂಲೆಯಲ್ಲಿ ಆಳೆತ್ತರದ ತೂಕದ ಯಂತ್ರ. ಆ ಕಾಲದಲ್ಲಿ ಪೆಟ್ಟಿಗೆ ಜೊತೆ ಪ್ರಯಾಣಿಕರನ್ನೂ ತೂಗಿ, ತೂಕ ಎಲ್ಲರಿಗೂ ಕೇಳೋ ಹಾಗೆ ಕೂಗ್ತಿದ್ದರಂತೆ. ಇನ್ಸ್‌ಪೆಕ್ಟರು ಸುಮ್ಮನೆ ಹತ್ತಿ ನಿಂತರು. ಮುಳ್ಳು ಒಂದು ಸುತ್ತು ಬಂದು, ಕಟ್ ಅಂದು, ನಿಂತೇಬಿಟ್ಟಿತು.

"ಆಗಿನ ಕಾಲದಲ್ಲಾಗಿದ್ರೆ ನಿಮ್ಮನ್ನ ಎರಡು ಸಲಕ್ಕೆ ಕಳಿಸ್ತಿದ್ರು ಸಾರ್," ಅಂದಳು ಪೇದೆ.

"ಪಂಚನಾಮೆ ಬರಿಯಮ್ಮ, ಬಾಯಿ ಆಮೇಲೆ."

ಬರೆಯೋಕೆ ಬೇಕಾದಷ್ಟಿತ್ತು. ಪೆಟ್ಟಿಗೆಯ ಬೀಗ ಒಡೆದಿಲ್ಲ, ಕೀಲಿಯಿಂದ ತೆಗೆದಿದ್ದಾರೆ. ಕೀಲಿ ಇರೋದು ಕ್ಯಾಂಟೀನ್ ಬಾಗಿಲ ಹಿಂದಿನ ಮೊಳೆಯಲ್ಲಿ, ಮೊದಲಿನಿಂದಲೂ ಅಲ್ಲೇ. ಚೀಲದ ಬಾಯಿಗೆ ಹೊಲಿದಿದ್ದ ಕಬ್ಬಿಣದ ಬಳೆ ಪೆಟ್ಟಿಗೆಯಲ್ಲೇ ಉಳಿದಿತ್ತು. ಹೊಲಿಗೆ ಹರಿದಿಲ್ಲ, ಒಂದೊಂದೇ ಬಿಡಿಸಿದ್ದಾರೆ. ಬಿಡಿಸಿದ ದಾರವನ್ನೆಲ್ಲ ಉಂಡೆ ಸುತ್ತಿ ತೊಳೆದ ಸಾಸರಿನಲ್ಲಿ ಇಟ್ಟು ಹೋಗಿದ್ದಾರೆ.

ಇನ್ಸ್‌ಪೆಕ್ಟರು ಆ ಉಂಡೆ ಹಿಡಿದು ಬಹಳ ಹೊತ್ತು ನೋಡಿದರು. "ಇಪ್ಪತ್ತೆಂಟು ವರ್ಷ ಸರ್ವಿಸ್ ನಂದು. ಕಸ ಎತ್ತಿಟ್ಟು ಹೋದ ಕಳ್ಳನ್ನ ಇವತ್ತೇ ನೋಡ್ತಿರೋದು."

ವಾಚ್‌ಮನ್ನನ್ನು ಕರೆಸಿದರು.

"ನಿನ್ನೆ ಯಾರು ಬಂದಿದ್ರು?"

"ಹಳೇ ಕೆಲಸದವರನ್ನ ಟೀಗೆ ಕರೆದಿದ್ರು ಸಾರ್. ಎಲ್ಲ ಹಲ್ಲಿಲ್ಲದ ಪಾರ್ಟಿ. ಹೋಗುವಾಗ ಬ್ಯಾಗು ಜೇಬು ಎಲ್ಲ ನೋಡಿದೀನಿ. ಏನೂ ಇರಲಿಲ್ಲ."

"ಕೊನೇಲಿ ಹೋದವರು?"

"ಕ್ಯಾಂಟೀನ್ ಅಜ್ಜಿ. ಕಪ್ಪು ತೊಳೆದೇ ಹೋಗ್ತೀನಿ ಅಂತ ಹಟ. ಅವರು ಮದುವೆ ಆಗೋವರೆಗೂ ಇಲ್ಲೇ ಟೀ ಮಾಡ್ತಿದ್ರಂತೆ."

ಕಪ್ಪು ತೊಳೆದವರ ಸಾಸರಿನಲ್ಲೇ ದಾರದ ಉಂಡೆ. ಆದರೆ ಅಷ್ಟು ದೊಡ್ಡ ಚೀಲ ಬರಿಗೈಲಿ ಹೊರಗೆ ಹೋಗಿದ್ದು ಹೇಗೆ? ಇನ್ಸ್‌ಪೆಕ್ಟರು ಮ್ಯಾನೇಜರಿಂದ ಗಾಳಿಚೀಲದ ಫೋಟೋ ತರಿಸಿದರು. ಕಿತ್ತಳೆ ಬಣ್ಣ. ಬಾಯಿ ಅಗಲ, ಬಾಲ ಸಣ್ಣ. ಫೋಟೋ ಕಂಡಿದ್ದೇ ತಡ, ಪೇದೆ ಸೆರಗು ಸಿಗದೆ ಟೋಪಿಯನ್ನೇ ಬಾಯಿಗೆ ಅಡ್ಡ ಹಿಡಿದಳು.

"ಏನಮ್ಮಾ?"

"ಏನಿಲ್ಲ ಸಾರ್."

"ಹೇಳು."

"ತಿರುಗಿಸಿ ಹಿಡಿದು ನೋಡಿ ಸಾರ್. ಸಣ್ಣ ತುದಿ ಮೇಲಕ್ಕೆ. ಅಲ್ಲಿ ಮಡಚಿ ಹೊಲಿದಿದೆ ನೋಡಿ, ಲಾಡಿ ಪೋಣಿಸೋಕೆ. ಲಾಡಿ ಇನ್ನೂ ನೇತಾಡ್ತಿದೆ."

ಇನ್ಸ್‌ಪೆಕ್ಟರು ತಿರುಗಿಸಿದರು. ನೋಡಿದರು. ಮುಖ ಗಾಳಿಚೀಲದ ಬಣ್ಣಕ್ಕೇ ತಿರುಗಿತು.

"ಇದು... ಹೆಂಗಸರ..."

"ಒಳಲಂಗ ಸಾರ್. ಅಪ್ಪಟ ಒಳಲಂಗ."

ಮ್ಯಾನೇಜರು ತೂಕದ ಯಂತ್ರದ ಮೇಲೇ ಕುಸಿದು ಕೂತ. "ಮಂತ್ರಿಗಳ ಕೈಲಿ ಲಂಗದ ಪರದೆ ಎಳೆಸ್ತಿದ್ನಾ ನಾನು?"

ಹನ್ನೊಂದೂವರೆಗೆ ತೂಕದಣ್ಣನ ಮನೆ. ಆ ಕಾಲದಲ್ಲಿ ಜನರನ್ನ ತೂಗ್ತಿದ್ದವನು, ನಿನ್ನೆ ಟೀಗೂ ಬಂದಿದ್ದವನು. ಬಾಗಿಲು ತೆಗೆದವನೇ ಇನ್ಸ್‌ಪೆಕ್ಟರನ್ನ ಅಡಿಯಿಂದ ಮುಡಿವರೆಗೆ ನೋಡಿ, "ನೂರಾ ಹನ್ನೆರಡು ಕೆಜಿ," ಅಂದ.

"ನೂರಾ ಹತ್ತು. ಫಾರಿನ್ ಗಾಳಿಚೀಲ ಏನಾಯ್ತು?"

"ಅದನ್ನ ಮೇಕೆ ತಿಂತು."

"ಯಾವಾಗ?"

"ಮೊದಲ ವಿಮಾನ ಬರೋ ದಿನವೇ! ಬೆಳಿಗ್ಗೆ ತೊಳೆದು ಬೇಲಿ ಮೇಲೆ ಒಣಗಿಸಿದ್ವಿ. ಬಳೆ ಒಂದು ಬಿಟ್ಟು ಪೂರಾ ತಿಂತು. ಆಮೇಲೆ ಆ ಮೇಕೆ ಗಾಳಿ ಬಂದ ಕಡೆಗೆಲ್ಲ ಬಾಲ ತಿರುಗಿಸ್ತಿತ್ತು ಸಾರ್, ನಾನೇ ಕಣ್ಣಾರೆ ಕಂಡಿದೀನಿ."

"ಆಮೇಲೆ ಕಂಬಕ್ಕೆ ಏರಿಸಿದ ಚೀಲ ಯಾರದು?"

ಅಣ್ಣ ತುಟಿ ಬಿಗಿ ಹಿಡಿದ. "ಹೆಣ್ಮಗಳ ಮಾನದ ವಿಷಯ. ಅವತ್ತು ಅಲ್ಲಿದ್ದೋರೆಲ್ಲ ಮಾತು ಕೊಟ್ಟಿದೀವಿ. ಜೈಲಿಗೆ ಹಾಕಿದ್ರೂ ಬಾಯಿ ಬಿಡಲ್ಲ."

ಬಿಡಬೇಕಾಗಿಯೂ ಇರಲಿಲ್ಲ. ಬಯಲಿನ ಹಿಂದಿನ ಓಣಿಗೆ ಜೀಪು ತಿರುಗುತ್ತಲೇ ಪೇದೆ ಮೇಲಕ್ಕೆ ಕೈ ತೋರಿಸಿದಳು. ಒಂದು ಮನೆಯ ತಾರಸಿ ಮೇಲೆ, ಬಿದಿರ ಗಳದ ತುದಿಗೆ, ಕಿತ್ತಳೆ ಚೀಲ ಹೊಟ್ಟೆ ತುಂಬಾ ಗಾಳಿ ಕುಡಿದು ಮೆರೀತಾ ಇತ್ತು. ಅಡಗಿಸಿಡೋ ಯೋಚನೆಯೇ ಇಲ್ಲ!

ಬಾಗಿಲು ತೆಗೆದದ್ದು ಹಿಡಿಯಷ್ಟು ಗಾತ್ರದ ಅಜ್ಜಿ.

"ಬನ್ನಿ ಸಾರ್. ಊಟದ ಹೊತ್ತಿಗೆ ಬರ್ತೀರಿ ಅಂದ್ಕೊಂಡಿದ್ದೆ. ಬೇಗ ಬಂದ್ರಿ."

"ಅಜ್ಜಿ, ಮೇಲಿರೋದು ಯಾರದು?"

"ನಂದು."

"ಹೊರಗೆ ಹೇಗೆ ತಂದ್ರಿ?"

"ಲಂಗ ಹೇಗೆ ತರ್ತಾರಪ್ಪಾ? ಉಟ್ಕೊಂಡು ಬಂದೆ. ಈಗಲೂ ಸರಿಯಾಗಿ ಹಿಡಿಯುತ್ತೆ," ಅಂತ ಸೊಂಟದ ಮೇಲೆ ಕೈ ಇಟ್ಟು ತೋರಿಸಿದಳು.

ಪೇದೆ ಗೋಡೆಗೆ ಮುಖ ತಿರುಗಿಸಿ ಭುಜ ಕುಣಿಸಿ ನಕ್ಕಳು. ಇನ್ಸ್‌ಪೆಕ್ಟರು ಮೀಸೆ ಕಚ್ಚಿಕೊಂಡರು. "ಮೊದಲಿಂದ ಹೇಳಿ."

"ಮೇಕೆ ಚೀಲ ತಿಂದಿತ್ತು. ವಿಮಾನ ಬಂತು, ಒಳಗೆ ನಾಲ್ಕು ಜನ. ಗಾಳಿ ಎತ್ತ ಅಂತ ಪೈಲಟ್ಟಿಗೆ ಗೊತ್ತಾಗದೆ ಸುತ್ತು ಹಾಕ್ತಿದ್ದಾನೆ. ಎಣ್ಣೆ ಮುಗಿಯುತ್ತೆ ಅಂತ ಕೆಳಗೆ ಗಂಡಸರೆಲ್ಲ ತಲೆ ಮೇಲೆ ಕೈ ಹೊತ್ತು ನಿಂತಿದ್ದಾರೆ. ನಾನು ಕ್ಯಾಂಟೀನ್ ಬಾಗಿಲು ಹಾಕ್ಕೊಂಡೆ, ಕಳಚಿದೆ, ಬಳೆಗೆ ನಾಲ್ಕು ಹೊಲಿಗೆ ಹಾಕಿ ಕೊಟ್ಟೆ. ಏರಿಸಿದ್ರು. ಇಳಿದ."

"ಇಳಿದು ಮೊದಲು ಕೇಳಿದ್ದೇ, ಯಾರದು ಅಂತ!" ಒಳಗಿಂದ ಒಂದು ಧ್ವನಿ.

ಕಿಟಕಿ ಪಕ್ಕದ ಮಂಚದಲ್ಲಿ ಒಬ್ಬ ಅಜ್ಜ ದಿಂಬಿಗೆ ಒರಗಿದ್ದ. ಸೊಂಟ ಮುರಿದು ಮೂರು ವರ್ಷ. ಅವತ್ತಿನ ಪೈಲಟ್ಟು ಅವನೇ. ಲಂಗ ಯಾರದು ಅಂತ ತಿಳಿಯೋಕೆ ಎಂಟು ತಿಂಗಳು ದಿನಾ ಆರು ಟೀ ಕುಡಿದು, ಕೊನೆಗೆ ಟೀ ಮಾಡೋಳನ್ನೇ ಮದುವೆಯಾಗಿದ್ದ.

"ನನ್ನ ಲಂಗ ನೋಡಿ ನೆಲಕ್ಕಿಳಿದ ಗಂಡಸು ಇವರೊಬ್ಬರೇ," ಅಂದಳು ಅಜ್ಜಿ.

"ಕೇಳಿದ್ರೆ ಕೊಡ್ತಿರಲಿಲ್ವಾ ಅಜ್ಜಿ?"

"ಕೇಳಿದೆ. ಒಂದು ದಿನಕ್ಕೆ ಕೊಡಿ ಅಂದೆ. ಫಾರಿನ್ ಮಾಲು, ಮುಟ್ಟಬೇಡಿ ಅಂದ ಆ ಮ್ಯಾನೇಜರ್ ಹುಡುಗ. ನನ್ನ ಲಂಗ ನಾನು ಮುಟ್ಟಬಾರದಂತೆ!"

ಮಧ್ಯಾಹ್ನ ಒಂದೂ ಹತ್ತಕ್ಕೆ ಜಪ್ತಿ ಪಂಚನಾಮೆ ಆಯಿತು. "ಅಜ್ಜಿ, ಕಾನೂನು ಪ್ರಕಾರ ನಿಮ್ಮನ್ನ ಅರೆಸ್ಟ್ ಮಾಡಬೇಕು," ಅಂದರು ಇನ್ಸ್‌ಪೆಕ್ಟರು, ನೆಲ ನೋಡ್ತಾ.

"ಮಾಡಿ. ಆದ್ರೆ ಇವರನ್ನ ನೋಡ್ಕೊಳ್ಳೋರು ಯಾರು?"

"ನನ್ನನ್ನೂ ಮಾಡಿ," ಅಂದ ಅಜ್ಜ. "ಸುಖಪಟ್ಟವನು ನಾನೇ ತಾನೇ?"

ಪೇದೆ ಅಜ್ಜಿಯ ಕೈ ಹಿಡಿದಳು. ಇನ್ಸ್‌ಪೆಕ್ಟರು ಅಜ್ಜನನ್ನ ಮಗುವಿನ ಹಾಗೆ ಎತ್ತಿಕೊಂಡು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿದರು. ನೂರಾ ಹತ್ತು ಕೆಜಿ ಅವತ್ತು ಉಪಯೋಗಕ್ಕೆ ಬಂತು.

ಸ್ಟೇಷನ್ನಿನಲ್ಲಿ ಎಲ್ಲ ಕೇಳಿದ ಮ್ಯಾನೇಜರು ಅಜ್ಜಿಗೆ ಎರಡು ಕೈ ಜೋಡಿಸಿ, ತಾನೇ ಜಾಮೀನು ನಿಂತ. ಆದರೂ ತಲೆ ಕೆರ್ಕೊಂಡ. "ಬೋರ್ಡಲ್ಲಿ ಏನಂತ ಬರೀಲಿ ಅಜ್ಜಿ? ಮಾನದ ವಿಷಯ."

"ಕ್ಯಾಂಟೀನಿನವಳ ಲಂಗ ಅಂತಲೇ ಬರಿ. ಈ ವಯಸ್ಸಲ್ಲಿ ನಾಚಿಕೆ ಪಡೋಕೆ ಪುರುಸೊತ್ತೆಲ್ಲಿ? ಇನ್ನೊಂದು ಮಾತು. ಗಾಜಿನೊಳಗೆ ಇಡಬೇಡ."

ನಾಲ್ಕಕ್ಕೆ ಮಂತ್ರಿಗಳು ಎಳೆದದ್ದು ಪರದೆಯನ್ನಲ್ಲ, ಹಗ್ಗವನ್ನ. ಬಯಲಿನ ಬೋಳು ಕಂಬದ ತುದಿಗೆ ಕಿತ್ತಳೆ ಚೀಲ ಏರಿತು, ಒಂದು ಸಲ ಒದರಿತು, ತುಂಬಿಕೊಂಡಿತು. ಜನ ಹೋ ಅಂದರು. ತೂಕದಣ್ಣ ಎಲ್ಲರಿಗಿಂತ ಜೋರಾಗಿ ಹೋ ಅಂದ.

ಆರೋಪಿ ಯಾಕೆ ಕದ್ದಳು ಅಂತ ಇನ್ಸ್‌ಪೆಕ್ಟರು ಅವತ್ತೇ ಕೇಸ್ ಡೈರಿಯಲ್ಲಿ ಬರೆದರು. ಸೊಂಟ ಮುರಿದ ದಿನದಿಂದ ಅಜ್ಜ ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ಕೇಳ್ತಿದ್ದದ್ದು ಒಂದೇ, ಗಾಳಿ ಯಾವ ಕಡೆ? ಕಿಟಕಿಯಾಚೆ ಬೋಳು ಕಂಬ ನೋಡಿ ಅಜ್ಜಿ ದಿನಾ ಬಾಯಿಗೆ ಬಂದ ದಿಕ್ಕು ಹೇಳ್ತಿದ್ದಳಂತೆ. ಒಂದು ದಿನವಾದರೂ ನಿಜ ಹೇಳಬೇಕು ಅನ್ನಿಸಿತಂತೆ.

ಜೀಪಿನಲ್ಲಿ ಕೂತೇ ಅಜ್ಜ ಕಣ್ಣಿಗೆ ಕೈ ಅಡ್ಡ ಇಟ್ಟು ಕಂಬದ ತುದಿ ನೋಡಿದ. ಪಕ್ಕದಲ್ಲಿ ನಿಂತಿದ್ದವಳ ಕೈ ಹುಡುಕಿ ಹಿಡಿದ.

"ಪಡುವಣ ಗಾಳಿ ಕಣೇ," ಅಂದ. "ಆರಾಮಾಗಿ ಇಳೀಬಹುದು."